ಮನೆಯ ಕಡತಗಳಿಗೆ ಒಡೆಯರಾರು?

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂತಹ ಊರುಗಳಲ್ಲಿಯೂ ಗಣಕಯಂತ್ರವು ಇಂದು ವಿದ್ಯಾವಂತರ ಮನೆಯ ಹಳೆಯ ಮರದ ಪೆಟ್ಟಿಗೆಯ ಸ್ಥಾನವನ್ನು ಪಡೆದಿರುವುದು. ಜಮೀನಿನ ಪತ್ರಗಳ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಚಿತ್ರ, ಹಿರಿಯರು ಹೇಳಿ ಬರೆಯಿಸಿದ ವಂಶಾವಳಿ, ಇವೆಲ್ಲವೂ ಅದರೊಳಗಿವೆ. ಯಂತ್ರವನ್ನು ನಡೆಯಿಸುವ ವ್ಯವಸ್ಥೆಯು ಒಂದು ದಿನ ತನ್ನನ್ನು ತಾನೇ ನವೀಕರಿಸಿಕೊಂಡ ಬಳಿಕ ಈ ಕಡತಗಳು ಕಾಣದೆ ಹೋದರೆ, “ನಕಲು ಇಟ್ಟುಕೊಳ್ಳದಿದ್ದುದು ನಿಮ್ಮದೇ ತಪ್ಪು” ಎಂಬ ತೀರ್ಪು ನಾಲ್ಕು ಕಡೆಯಿಂದಲೂ ಕೇಳಿಬರುವುದು. ಕಳೆದುಕೊಂಡವನನ್ನೇ ಅಪರಾಧಿಯೆನ್ನುವ ಈ ನ್ಯಾಯವು ಸರ್ವಥಾ ಒಪ್ಪತಕ್ಕದ್ದಲ್ಲ.

೨೦೧೮ನೆಯ ಇಸವಿಯಲ್ಲಿ ನಡೆದುದನ್ನು ಸ್ಮರಿಸಿದರೆ ಸಾಕು. ಅಕ್ಟೋಬರ್ ೨ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಒಂದು ದೊಡ್ಡ ನವೀಕರಣವನ್ನು ಹೊರಡಿಸಿತು. ಕೆಲವು ಬಳಕೆದಾರರು ‘ಡಾಕ್ಯುಮೆಂಟ್ಸ್’ ಮೊದಲಾದ ಫೋಲ್ಡರುಗಳ ಸ್ಥಾನವನ್ನು ಯಂತ್ರದ ಬೇರೊಂದು ಭಾಗಕ್ಕೆ ಬದಲಿಸಿಕೊಂಡಿದ್ದರು. ಹಳೆಯ ಸ್ಥಾನದಲ್ಲಿಯೂ ಅವರ ಕಡತಗಳು ಉಳಿದಿದ್ದವು. ಒಂದೇ ಹೆಸರಿನ ಬರಿಯ ಫೋಲ್ಡರುಗಳನ್ನು ತೆಗೆದುಹಾಕುವ ಉದ್ದೇಶದಿಂದ ಬಂದ ಹೊಸ ವ್ಯವಸ್ಥೆಯು, ಬರಿದಾಗಿದೆಯೋ ತುಂಬಿದೆಯೋ ಎಂಬುದನ್ನು ನೋಡದೆ, ಹಳೆಯದನ್ನು ಕಡತಗಳ ಸಹಿತವಾಗಿ ಅಳಿಸಿಹಾಕಿತು. ಕಸ ಗುಡಿಸಲು ಬಂದವನು ಮನೆಯ ಪೆಟ್ಟಿಗೆಯನ್ನೇ ತಿಪ್ಪೆಗೆ ಎಸೆದಂತಾಯಿತು! ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಿದ ಸಂಸ್ಥೆಯು ನವೆಂಬರ್ ೧೩ರಂದು ತಿದ್ದಿದ ನವೀಕರಣವನ್ನು ಮತ್ತೆ ಹೊರಡಿಸಿತು. ಪರೀಕ್ಷಾರ್ಥವಾಗಿ ಬಳಸುತ್ತಿದ್ದವರಲ್ಲಿ ಕೆಲವರು ಇದೇ ದೂರನ್ನು ಮೊದಲೇ ಸಲ್ಲಿಸಿದ್ದರು. ಹೆಚ್ಚು ಮತಗಳು ಬೀಳದ ಆ ದೂರುಗಳು ರಾಶಿಯೊಳಗೆ ಹೂತುಹೋಗಿದ್ದವು. ದೂರಿನ ಗಂಭೀರತೆಯನ್ನು ಸೂಚಿಸುವ ಅನುಕೂಲವು ಒದಗಿದುದು ಅನಂತರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂಬ ಗಾದೆಯು ಇಂತಹದಕ್ಕೇ ಹುಟ್ಟಿದ್ದು.

ಹತ್ತು ಸಾವಿರಕ್ಕೆ ಒಂದರಂತೆ ಮಾತ್ರ ದೂರು ಬಂದಿತೆಂದು ಸಂಸ್ಥೆಯು ಸಮಾಧಾನ ಹೇಳಿತು. ಸಮಾಧಾನವೇನೋ ಸರಿ, ಆದರೆ ಆ ಒಂದು ಮನೆಗೆ ಹೋದುದು ಹತ್ತು ಸಾವಿರದಲ್ಲಿ ಒಂದು ಪಾಲಲ್ಲ, ಇದ್ದುದೆಲ್ಲವೂ. ಮೇಲಾಗಿ, ದೂರು ಕೊಡುವ ದಾರಿಯನ್ನೇ ಅರಿಯದವರು ಯಾವ ಲೆಕ್ಕದಲ್ಲಿ ಸೇರುವರು?

ಎಲ್ಲ ನಷ್ಟವೂ ನಿಜವಾದ ನಷ್ಟವಲ್ಲವೆಂಬುದೂ ಸತ್ಯವೇ. ಹರಪನಹಳ್ಳಿ ಸೀಮೆಯು ೧೯೫೩ರ ವರೆಗೆ ಮದರಾಸಿಗೆ ಸೇರಿತ್ತು. ಆಮೇಲೆ ಮೈಸೂರು ಸಂಸ್ಥಾನದ ಬಳ್ಳಾರಿ, ೧೯೯೭ರಲ್ಲಿ ದಾವಣಗೆರೆ, ಮತ್ತೆ ಬಳ್ಳಾರಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆ. ವಿಳಾಸವು ಬದಲಾಯಿತು, ಊರು ಇದ್ದಲ್ಲಿಯೇ ಇದೆ. ಕಡತಗಳ ಪಾಡೂ ಅನೇಕ ವೇಳೆ ಹೀಗೆಯೇ. ನವೀಕರಣದ ಬಳಿಕ ಯಂತ್ರವು ತಾತ್ಕಾಲಿಕ ಖಾತೆಯೊಂದನ್ನು ತೆರೆದು ಬರಿಯ ಪರದೆಯನ್ನು ತೋರಿಸುವುದುಂಟು. ೨೦೨೦ರ ಫೆಬ್ರವರಿಯಲ್ಲಿ ಕೆಲವರಿಗೆ ಹೀಗಾದಾಗ ಕಡತಗಳು ಹೆಸರು ಬದಲಾದ ಹಳೆಯ ಫೋಲ್ಡರಿನಲ್ಲಿಯೇ ಇದ್ದವು. ಕಡತಗಳು ಒನ್‌ಡ್ರೈವ್ ಫೋಲ್ಡರಿಗೆ ಸಾಗಿಹೋಗಿರುವುದುಂಟು. ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಹಳೆಯ ಸಾಮಗ್ರಿಯು ಉಳಿದಿರುವುದುಂಟು. ಆದರೆ ಸಾಮಾನ್ಯವಾಗಿ ಹತ್ತು ದಿನಗಳ ಬಳಿಕ ಅದೂ ತಾನಾಗಿ ಅಳಿದುಹೋಗುವುದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಗೃಹಸ್ಥನು ಆ ಹತ್ತು ದಿನಗಳನ್ನು ಕಳೆದರೆ, ಅಥವಾ ದುರಸ್ತಿಯವನ ಮಾತು ಕೇಳಿ ಅವಸರದಿಂದ ‘ಫಾರ್ಮ್ಯಾಟ್’ ಮಾಡಿಸಿದರೆ, ಸಿಕ್ಕಬಹುದಾಗಿದ್ದುದೂ ಇಲ್ಲದಂತಾಗುವುದು. ಹತ್ತು ದಿನಗಳ ಗಡುವನ್ನು ಮನೆಯ ಭಾಷೆಯಲ್ಲಿ ಎದ್ದು ಕಾಣುವಂತೆ ಮೊದಲೇ ತಿಳಿಸದವರು, ಗಡುವು ಮೀರಿದುದಕ್ಕೆ ಮನೆಯವರನ್ನು ಹಳಿಯುವುದು ಎಂತಹ ಧರ್ಮವು?

ಕನ್ನಡಿಗರಿಗೆ ಇನ್ನೊಂದು ವಿಶೇಷ ಸಂಕಟವಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬರೆದ ಕಡತವು, ಹೊಸ ವ್ಯವಸ್ಥೆಯಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣಿಸುವುದು. ಹಾಳಾಯಿತೆಂದು ತಿಳಿದು ಅದನ್ನು ಅಳಿಸಿಬಿಡುವುದು ಸುಲಭ. ವಸ್ತುತಃ ಅದು ಹಾಳಾಗಿಲ್ಲ. ಹಳೆಯ ಅಕ್ಷರಶೈಲಿಯನ್ನು ಮತ್ತೆ ಅಳವಡಿಸಿದರೆ ಓದಬಹುದು, ಯೂನಿಕೋಡಿಗೆ ಪರಿವರ್ತಿಸಿದರೆ ಮುಂದೆ ಈ ಭಯವಿಲ್ಲ.

ನಕಲು ಇಡುವುದು ವಿವೇಕವೆಂಬುದು ನಿರ್ವಿವಾದವು. ಪಹಣಿಯ ಪ್ರತಿ ಕಳೆದರೆ ಸರ್ಕಾರದ ‘ಭೂಮಿ’ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಅಜ್ಜನ ವಂಶಾವಳಿಗೆ ಅಂತಹ ಕಚೇರಿಯಿಲ್ಲ. ಆದುದರಿಂದ ನವೀಕರಣಕ್ಕೆ ಮೊದಲು ಯಂತ್ರದ ಹೊರಗೆ, ಪೆನ್‌ಡ್ರೈವಿನಲ್ಲಾಗಲಿ ಬೇರೆ ಡಿಸ್ಕಿನಲ್ಲಾಗಲಿ, ಒಂದು ಪ್ರತಿಯು ಇರಲೇಬೇಕು. ಆದರೆ ಮನೆಗೆ ಬೀಗ ಹಾಕದಿದ್ದುದು ಅಜಾಗ್ರತೆಯೆಂಬ ಮಾತ್ರಕ್ಕೆ ಒಳಹೊಕ್ಕವನು ನಿರ್ದೋಷಿಯಾಗುವುದಿಲ್ಲ. ಅಲ್ಲದೆ ಈ ನವೀಕರಣವು ಗೃಹಸ್ಥನ ಇಷ್ಟಕ್ಕೆ ಬಿಟ್ಟುದೂ ಅಲ್ಲ: ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ಮುಗಿದು, ಚೆನ್ನಾಗಿ ನಡೆಯುತ್ತಿದ್ದ ಯಂತ್ರವುಳ್ಳವರೂ ಬದಲಾವಣೆಗೆ ದೂಡಲ್ಪಟ್ಟರು. ಬಲವಂತವಾಗಿ ಮನೆ ಬದಲಿಸುವವರು ಸಾಮಾನಿಗೆ ಹೊಣೆಯಾಗಬೇಡವೇ?

ಕೇಳತಕ್ಕದ್ದು ಅತಿಯಾದುದೇನೂ ಅಲ್ಲ. ಒಡೆಯನನ್ನು ಕೇಳದೆ ಕಡತದ ಸ್ಥಾನವನ್ನು ಬದಲಿಸಕೂಡದು. ಬದಲಿಸಿದಲ್ಲಿ ಎಲ್ಲಿಗೆಂದು ಕನ್ನಡದಲ್ಲಿ ತಿಳಿಸಬೇಕು. ಬರಿದಲ್ಲದ ಫೋಲ್ಡರನ್ನು ಯಾವ ನೆಪದಿಂದಲೂ ಅಳಿಸಕೂಡದು. ವ್ಯವಸ್ಥೆಯು ತಯಾರಕರದ್ದಾಗಿರಬಹುದು, ಅದರೊಳಗಿಟ್ಟ ಬದುಕು ಮನೆಯವರದು. ಈ ಭೇದವನ್ನು ತಯಾರಕರು ಒಪ್ಪುವ ವರೆಗೆ, ತಪ್ಪು ತಮ್ಮದೆಂದು ಗೃಹಸ್ಥರು ತಲೆತಗ್ಗಿಸಬೇಕಾದ ಕಾರಣವಿಲ್ಲ.