ಪಾತ್ರ ಮುಗಿದ ಮೇಲೆ ಉಳಿದ ಋಣ



ಪ್ರಾಣಿದಯೆಯ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ. ನಟಿಯರು ಪ್ರಾಣಿಗಳ ಪರವಾಗಿ ಮಾತನಾಡುವುದು ಪ್ರಚಾರಕ್ಕಾಗಿ. ಅವಕಾಶಗಳು ಕಡಿಮೆಯಾದಾಗ ಅವರು ಹಚ್ಚಿಕೊಳ್ಳುವ ಮತ್ತೊಂದು ಬಣ್ಣವೇ ದಯೆ, ಎಂಬುದು ಆ ಆಕ್ಷೇಪದ ಸಾರ. ಹೇಳುವವರು ನಗುತ್ತಲೇ ಹೇಳುತ್ತಾರೆ, ಕೇಳುವವರೂ ನಗುತ್ತಾರೆ. ಆ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ಕಾರಣವನ್ನು ಇಂಗ್ಲೆಂಡಿನ ನಟಿಯೊಬ್ಬರ ಬದುಕಿನ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ವರ್ಜೀನಿಯಾ ಮೆಕೆನ್ನಾ ಅವರು 1931ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ರಂಗಭೂಮಿಯಲ್ಲಿ ಪಳಗಿದ ಅವರು 1955ರಲ್ಲಿ ಬಿಬಿಸಿ ದೂರದರ್ಶನವು ಪ್ರಸಾರ ಮಾಡಿದ ಷೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯೆಟ್ ಆಗಿ ಕಾಣಿಸಿಕೊಂಡರು. ‘ಎ ಟೌನ್ ಲೈಕ್ ಆಲಿಸ್’ (1956) ಚಿತ್ರದ ಅಭಿನಯಕ್ಕೆ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಪಡೆದರು. ಅವರನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಮಾತ್ರ 1966ರ ‘ಬಾರ್ನ್ ಫ್ರೀ’. ಕೀನ್ಯಾದಲ್ಲಿ ಎಲ್ಸಾ ಎಂಬ ಸಿಂಹದ ಮರಿಯನ್ನು ಸಾಕಿ, ಬೆಳೆದ ಮೇಲೆ ಕಾಡಿಗೆ ಬಿಟ್ಟುಕೊಟ್ಟ ಆಡಮ್ಸನ್ ದಂಪತಿಗಳ ನಿಜವಾದ ಕಥೆಯದು. ಜಾಯ್ ಆಡಮ್ಸನ್ ಪಾತ್ರವನ್ನು ಮೆಕೆನ್ನಾ, ಜಾರ್ಜ್ ಆಡಮ್ಸನ್ ಪಾತ್ರವನ್ನು ಅವರ ಪತಿ ಬಿಲ್ ಟ್ರಾವರ್ಸ್ ವಹಿಸಿದರು.

ಬಿಡುಗಡೆಯ ಮಹಿಮೆಯನ್ನು ಸಾರಿದ ಆ ಚಿತ್ರಕ್ಕಾಗಿ ದುಡಿದ ಸಿಂಹಗಳ ಗತಿಯೇನಾಯಿತು? ಅವುಗಳನ್ನೂ ಕಾಡಿಗೆ ಬಿಡಬೇಕೆಂದು ಈ ದಂಪತಿಗಳು ಬೇಡಿಕೊಂಡರು. ಆದರೆ ಜಾರ್ಜ್ ಆಡಮ್ಸನ್ನರ ಕೈಸೇರಿ ಕಾಡಿನ ಬದುಕನ್ನು ಕಲಿಯುವ ಭಾಗ್ಯ ದೊರೆತದ್ದು ಮೂರಕ್ಕೆ ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಮೃಗಾಲಯಗಳ ಪಾಲಾದವು. ತೆರೆಯ ಮೇಲೆ ಬಿಡುಗಡೆಯನ್ನು ಕಂಡು ಜನ ಕಣ್ಣೀರು ಹಾಕುತ್ತಿದ್ದಾಗ, ಅದನ್ನು ಅಭಿನಯಿಸಿದ ಮೃಗಗಳು ಬಂಧನದಲ್ಲಿದ್ದವು.

ಎರಡನೆಯ ಘಟನೆ ಇನ್ನೂ ದಾರುಣವಾದುದು. ‘ಆ್ಯನ್ ಎಲಿಫೆಂಟ್ ಕಾಲ್ಡ್ ಸ್ಲೋಲಿ’ (1969) ಎಂಬ ಚಿತ್ರದಲ್ಲಿ ಇವರೊಡನೆ ಪೋಲೆ ಪೋಲೆ ಎಂಬ ಹೆಣ್ಣಾನೆಮರಿ ನಟಿಸಿತ್ತು. ಸ್ವಾಹಿಲಿ ನುಡಿಯಲ್ಲಿ ಹಾಗೆಂದರೆ ‘ಮೆಲ್ಲ ಮೆಲ್ಲನೆ’ ಎಂದರ್ಥ. ಕೀನ್ಯಾ ಸರ್ಕಾರ ಅದನ್ನು ಲಂಡನ್ ಮೃಗಾಲಯಕ್ಕೆ ಕಾಣಿಕೆಯಾಗಿ ಕಳುಹಿಸಲೆಂದು ಹಿಡಿಸಿತ್ತು. ನಾವೇ ಕೊಂಡು ಉಳಿಸಿಕೊಳ್ಳುತ್ತೇವೆಂದು ದಂಪತಿಗಳು ಕೇಳಿದರು. ಹಾಗಾದರೆ ಕಾಣಿಕೆಗೆ ಬೇರೊಂದು ಮರಿಯನ್ನು ಹಿಡಿಯಬೇಕಾದೀತು ಎಂಬ ಉತ್ತರ ಬಂತು. ಒಂದನ್ನು ಉಳಿಸಲು ಮತ್ತೊಂದರ ಬಂಧನಕ್ಕೆ ಕಾರಣರಾಗಲೊಲ್ಲದೆ ಅವರು ಹಿಂದೆ ಸರಿದರು. ವರ್ಷಗಳು ಉರುಳಿದವು. ಮತ್ತೆ ನೋಡಲು ಹೋದಾಗ, ಒಂಟಿಯಾಗಿ ನಿಂತಿದ್ದ ಆ ಆನೆ ಹಳೆಯ ದನಿಯನ್ನು ಗುರುತಿಸಿ ಸೊಂಡಿಲು ಚಾಚಿತು. ಅದನ್ನು ಬೇರೆಡೆಗೆ ಸಾಗಿಸುವ ಸಿದ್ಧತೆಯ ನಡುವೆ ಅದು ಕುಸಿಯಿತು. 1983ರಲ್ಲಿ ಅದರ ಬದುಕನ್ನು ಮುಗಿಸಲಾಯಿತು. ಅರವತ್ತು ವರ್ಷ ಬಾಳಬಲ್ಲ ಜೀವಕ್ಕೆ ಆಗಿನ್ನೂ ಇಪ್ಪತ್ತೂ ತುಂಬಿರಲಿಲ್ಲ.

ಮರುವರ್ಷ, 1984ರಲ್ಲಿ, ಮೆಕೆನ್ನಾ, ಟ್ರಾವರ್ಸ್ ಮತ್ತು ಅವರ ಮಗ ವಿಲ್ ಸೇರಿ ಮೃಗಾಲಯಗಳ ಸ್ಥಿತಿಗತಿಯನ್ನು ಪರಿಶೀಲಿಸುವ ‘ಜೂ ಚೆಕ್’ ಸಂಸ್ಥೆಯನ್ನು ಕಟ್ಟಿದರು. ಮುಂದೆ ಅದೇ ಬಾರ್ನ್ ಫ್ರೀ ಫೌಂಡೇಷನ್ ಆಯಿತು. ಸಂಸ್ಥೆಯ ಆಶ್ರಯ ಪಡೆದ ಕೆಲವು ಹುಲಿಗಳು ಇಂಗ್ಲೆಂಡಿನಿಂದ ನಮ್ಮ ಬನ್ನೇರುಘಟ್ಟಕ್ಕೂ ಬಂದು ಉಳಿದ ಆಯುಷ್ಯವನ್ನು ಕಳೆದವು. 1994ರಲ್ಲಿ ಪತಿ ತೀರಿಕೊಂಡರೂ ಆಕೆ ಕೆಲಸವನ್ನು ಕೈಬಿಡಲಿಲ್ಲ. 2023ರಲ್ಲಿ ಬ್ರಿಟನ್ ಆಕೆಗೆ ‘ಡೇಮ್’ ಗೌರವ ನೀಡಿದಾಗ ವಯಸ್ಸು 91. ನಕ್ಕವರನ್ನು ನಾನು ಕೇಳುತ್ತೇನೆ: ಸುಮಾರು ನಲವತ್ತು ವರ್ಷ ಅಳಿಸದೆ ಉಳಿದದ್ದನ್ನು ಬಣ್ಣವೆನ್ನಬಹುದೇ?

ಇಲ್ಲಿ ಗಮನಿಸಬೇಕಾದುದು ಆಕೆಯ ಕೀರ್ತಿಯನ್ನಲ್ಲ, ಆಕೆ ಎಲ್ಲಿಂದ ಆರಂಭಿಸಿದರೆಂಬುದನ್ನು. ಪರರ ತಪ್ಪನ್ನು ಎತ್ತಿ ತೋರಿಸುವುದರಿಂದ ಆ ದಯೆ ಹುಟ್ಟಲಿಲ್ಲ. ತನ್ನ ಕೀರ್ತಿಗೆ ದುಡಿದ ಮೂಕಜೀವಗಳಿಗೆ ತಾನು ಋಣಿ ಎಂಬ ಅರಿವಿನಿಂದ ಹುಟ್ಟಿತು. ದಯೆಯ ಕುರಿತ ಬಸವಣ್ಣನವರ ವಚನ ನಮಗೆಲ್ಲ ಕಂಠಪಾಠವಾಗಿದೆ. ಕಂಠದಿಂದ ಕೈಗೆ ಅದು ಇಳಿದಿದೆಯೇ ಎಂಬುದೇ ಪ್ರಶ್ನೆ. ಆ ವಚನವನ್ನೇ ಕೇಳದ ಹೆಣ್ಣುಮಗಳೊಬ್ಬಳ ಕೈಯಲ್ಲಿ ಅದರ ಅರ್ಥ ಕಂಡಾಗ ನಗುವುದು ಶರಣರ ಮಕ್ಕಳಿಗೆ ತಕ್ಕುದಲ್ಲ.

ಮನುಷ್ಯರೇ ಹಸಿದಿರುವಾಗ ಪ್ರಾಣಿಗಳ ಚಿಂತೆಯೇಕೆ ಎಂದು ಕೆಲವರು ಕೇಳುತ್ತಾರೆ. ಮೊದಲ ಪಂಕ್ತಿಗೆ ಬಡಿಸಿದೆವೆಂದು ಎರಡನೆಯ ಪಂಕ್ತಿಗೆ ಎಲೆ ಹಾಕದೆ ಬಿಡುವ ಪದ್ಧತಿ ದಾಸೋಹದಲ್ಲಿ ಇದೆಯೇ? ಮೃಗಾಲಯಗಳಿಂದ ಹಿತವೂ ಆಗಿದೆಯೆಂದು ಇನ್ನು ಕೆಲವರು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಕಾಡಿನಲ್ಲಿ ನಿರ್ನಾಮವಾಗಿದ್ದ ಅರೇಬಿಯಾದ ಓರಿಕ್ಸ್ ಎಂಬ ಮೃಗ ಮೃಗಾಲಯಗಳಲ್ಲಿ ಬೆಳೆಸಿದ ಸಂತತಿಯಿಂದಲೇ 1982ರಲ್ಲಿ ಓಮಾನಿನ ಮರುಭೂಮಿಗೆ ಮರಳಿತು. ಆದರೆ ಅಲ್ಲಿ ಬಂಧನದ ಗುರಿ ಬಿಡುಗಡೆಯಾಗಿತ್ತು. ಪೋಲೆ ಪೋಲೆಯ ಬಂಧನಕ್ಕೆ ಪ್ರದರ್ಶನವಲ್ಲದೆ ಬೇರೆ ಯಾವ ಗುರಿಯಿತ್ತು? ಆನೆ ತಾಯಿ, ಅಜ್ಜಿಯರ ಹಿಂಡಿನಲ್ಲಿ ಬೆಳೆಯುವ ಜೀವ. ದಿನವಿಡೀ ನಡೆದು ಮೇಯುವ ಜೀವ. ಲಂಡನ್ ಮೃಗಾಲಯವೇ 2001ರಲ್ಲಿ ತನ್ನ ಆನೆಗಳನ್ನು ನಗರದಿಂದ ವಿಪ್ಸ್‌ನೇಡಿನ ವಿಶಾಲ ಬಯಲಿಗೆ ಸಾಗಿಸಿತು.

ಈಗ ನಮ್ಮ ಮನೆಯ ಮಾತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ಉತ್ಸವದ ದಿನ ವಾದ್ಯ, ಮದ್ದಿನ ಸದ್ದಿನ ನಡುವೆ, ಕಾದ ಡಾಂಬರಿನ ಮೇಲೆ, ಕಾಲಿಗೆ ಸರಪಳಿ ಬಿಗಿಸಿಕೊಂಡು ನಿಲ್ಲುವ ಆನೆಗೆ ನಾವು ಬಾಳೆಹಣ್ಣು ಕೊಟ್ಟು ಕೈಮುಗಿಯುತ್ತೇವೆ. ಬಾಳೆಹಣ್ಣಿನಿಂದ ಆ ಋಣ ತೀರುತ್ತದೆಯೇ? ಬೇರೆ ದಾರಿ ಇಲ್ಲವೆಂದೇನೂ ಅಲ್ಲ. 2023ರಲ್ಲಿ ಕೇರಳದ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಾಲಯ ಯಂತ್ರದ ಆನೆಯನ್ನು ಸ್ವೀಕರಿಸಿತು. ಆ ಕಾರ್ಯದಲ್ಲಿ ನಟಿ ಪಾರ್ವತಿ ತಿರುವೋತ್ತು ಕೈಜೋಡಿಸಿದ್ದರು. ಆ ಬಳಿಕ ನಮ್ಮದೇ ಪರಂಪರೆಯ ಸುತ್ತೂರು ಶ್ರೀಮಠವೂ ಯಂತ್ರದ ಆನೆಯನ್ನು ಬರಮಾಡಿಕೊಂಡಿತು. ಇದರಿಂದ ಉತ್ಸವಕ್ಕೆ ಕುಂದು ಬರುವುದೆನ್ನುವವರು, ಜಂಗಮವೇ ಶ್ರೇಷ್ಠವೆಂದು ಸಾರಿದ ನಾವು ನಡೆದಾಡುವ ಜೀವವನ್ನು ಸರಪಳಿಯಿಂದ ಸ್ಥಾವರವಾಗಿಸುವುದು ತರವೇ ಎಂದು ಯೋಚಿಸಲಿ.

ಮುಂದಿನ ಜಾತ್ರೆಗೆ ಆನೆಯನ್ನು ಬಾಡಿಗೆಗೆ ಗೊತ್ತುಮಾಡುವ ಮಾತು ಬಂದಾಗ, ಸಮಿತಿಯಲ್ಲಿ ಒಬ್ಬರಾದರೂ ಎದ್ದು ಬೇಡವೆನ್ನಲಿ. ಆಗ ಯಾರಾದರೂ ನಕ್ಕರೆ ನಗಲಿ. ಮೆಕೆನ್ನಾ ಅವರನ್ನು ಕಂಡೂ ನಕ್ಕವರಿದ್ದರು.