ಗೊತ್ತಾದದ್ದು ಹೇಗೆಂದು ಬರೆಯಲು ಕಲಿಸೋಣ

ಮನೋವಿಜ್ಞಾನದ ಸ್ನಾತಕೋತ್ತರ ತರಗತಿಯ ಕೊನೆಯ ಸೆಮಿಸ್ಟರ್ ಎಂದರೆ ಕಿರುಪ್ರಬಂಧದ ಕಾಲ. ಪ್ರಶ್ನಾವಳಿ ಹಂಚಿ, ಉತ್ತರ ಸಂಗ್ರಹಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಝೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗ್ ಮಾಡಿಸಿ ಒಪ್ಪಿಸುವ ಧಾವಂತದಲ್ಲಿ ವಿದ್ಯಾರ್ಥಿಗೆ ಒಂದು ಸಂಗತಿ ಹೊಳೆಯುತ್ತದೆ. ಇಷ್ಟು ವರ್ಷ ಮನಸ್ಸಿನ ಬಗ್ಗೆ ಓದಿದ್ದಾಯಿತು. ಕಂಡುಕೊಂಡದ್ದನ್ನು ಬರೆಯುವುದು ಹೇಗೆಂದು ಮಾತ್ರ ಯಾರೂ ಕಲಿಸಲಿಲ್ಲ. ಈಜು ಕಲಿಸದೆ ಹೊಳೆಗೆ ದೂಡಿ, ದಡ ಸೇರಿದವರಿಗೆ ಅಂಕ ಕೊಡುವ ಈ ಕ್ರಮ ನಮ್ಮ ಉನ್ನತ ಶಿಕ್ಷಣದಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದನ್ನೊಂದು ಕೊರತೆಯೆಂದು ಗುರುತಿಸುವವರೂ ವಿರಳ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನೆಲೆಸಿರುವ ನಾನು ಬಹುಕಾಲ ಇದೇ ವಿಷಯವನ್ನು ಪಾಠ ಮಾಡಿದವನು. ಸವಾಯಿ ಗಂಧರ್ವ ಕಲಾಮಂದಿರ, ಜಿಮಖಾನಾ ಮೈದಾನಗಳಿರುವ ಈ ಬಡಾವಣೆಯ ಆಸುಪಾಸಿನಿಂದ ದಿನವೂ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಓದಲು ಹೋಗುವ ಮಕ್ಕಳಿದ್ದಾರೆ. ಕಿರುಪ್ರಬಂಧದ ದಿನಗಳಲ್ಲಿ ಅವರಲ್ಲಿ ಕೆಲವರು ನಮ್ಮ ಮನೆಗೂ ಬರುತ್ತಾರೆ. ಬೇಡಿಕೆ ಒಂದೇ: ‘ಸರ್, ಇಂಗ್ಲಿಷ್ ಒಂದಿಷ್ಟು ತಿದ್ದಿ ಕೊಡ್ರಿ.’ ತಿದ್ದಲು ಕುಳಿತರೆ, ಇಂಗ್ಲಿಷಿಗಿಂತ ಮೊದಲು ತಿದ್ದಬೇಕಾದದ್ದು ಬೇರೆಯೇ ಇರುತ್ತದೆ. ಯಾವ ಪ್ರಶ್ನೆಗೆ ಉತ್ತರ ಹುಡುಕಲಾಯಿತು ಎಂಬುದು ಅರವತ್ತು ಪುಟಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ. ‘ನೀ ಏನು ತಿಳಕೋಬೇಕಂತ ಹೊರಟಿದ್ದಿ, ಕನ್ನಡದಾಗ ಹೇಳು’ ಎಂದರೆ ಎರಡೇ ನಿಮಿಷದಲ್ಲಿ ಹೇಳಿಬಿಡುತ್ತಾರೆ. ‘ಹಾಸ್ಟೆಲಿನಾಗ ಇರೋ ಹುಡುಗ್ಯಾರು ದಿನಾ ಮನೀಗೆ ಫೋನ್ ಮಾಡಿದ್ರ ಮನಿ ನೆನಪು ಕಡಿಮಿ ಆಗ್ತದೋ, ಇನ್ನೂ ಹೆಚ್ಚಾಗ್ತದೋ ಅಂತ ನೋಡಬೇಕಿತ್ತು ಸರ್’ ಎಂದಳು ಒಬ್ಬಾಕೆ. ಇಷ್ಟು ಚೆಂದದ ಪ್ರಶ್ನೆಯು ಅವಳ ಪ್ರಬಂಧದಲ್ಲಿ ‘ಸಾಮಾಜಿಕ ಬೆಂಬಲ ಮತ್ತು ಹೊಂದಾಣಿಕೆಯ ನಡುವಣ ಸಂಬಂಧದ ಒಂದು ಅಧ್ಯಯನ’ ಎಂಬ ಶೀರ್ಷಿಕೆಯ ಅಡಿಯಲ್ಲಿ ಹೂತುಹೋಗಿತ್ತು.

ಸಂಶೋಧನಾ ಪ್ರಬಂಧದ ಅಚ್ಚು ಆಕಾಶದಿಂದ ಇಳಿದದ್ದಲ್ಲ. 1929ರಲ್ಲಿ ಅಮೆರಿಕದ ‘ಸೈಕಲಾಜಿಕಲ್ ಬುಲೆಟಿನ್’ ನಿಯತಕಾಲಿಕದಲ್ಲಿ ಲೇಖಕರಿಗಾಗಿ ಏಳು ಪುಟಗಳ ಸೂಚನೆಯೊಂದು ಪ್ರಕಟವಾಯಿತು. ಅದೇ ಬೆಳೆದು ಇಂದು ಜಗತ್ತಿನ ಬಹುಪಾಲು ಮನೋವಿಜ್ಞಾನ ವಿಭಾಗಗಳು ಅನುಸರಿಸುವ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕೈಪಿಡಿಯಾಗಿದೆ. 2019ರಲ್ಲಿ ಬಂದ ಅದರ ಏಳನೆಯ ಆವೃತ್ತಿ 400 ಪುಟಗಳನ್ನು ಮೀರುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ತಲುಪುವುದು ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ, ಉಲ್ಲೇಖದಲ್ಲಿ ಇಸವಿ ಎಲ್ಲಿ ಎಂಬ ನಿಯಮಗಳು ಮಾತ್ರ. ಆ ನಿಯಮಗಳ ಹಿಂದಿರುವ ಸರಳ ವಿವೇಕ ತಲುಪುವುದೇ ಇಲ್ಲ.

ವಿವೇಕ ಇಷ್ಟೆ. ಪೀಠಿಕೆಯಲ್ಲಿ ಏನನ್ನು ಕೇಳಿದೆ, ಏಕೆ ಕೇಳಿದೆ ಎಂದು ಹೇಳಬೇಕು. ವಿಧಾನದಲ್ಲಿ ಯಾರನ್ನು, ಎಷ್ಟು ಜನರನ್ನು, ಎಲ್ಲಿ, ಹೇಗೆ ಕೇಳಿದೆ ಎಂದು ಹೇಳಬೇಕು. ಕಲಬುರಗಿಯ ಇನ್ನೊಬ್ಬ ವಿದ್ಯಾರ್ಥಿ ಅದನ್ನೇ ಓದಿಕೊಂಡು ಮತ್ತೊಮ್ಮೆ ಮಾಡಿ ನೋಡುವಂತಿರಬೇಕು. ಫಲಿತಾಂಶದಲ್ಲಿ ಸಿಕ್ಕದ್ದನ್ನು ಮಾತ್ರ ಹೇಳಬೇಕು. ಅದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದು ಚರ್ಚೆಯ ಭಾಗಕ್ಕೆ ಸೇರಿದ್ದು. ಒಟ್ಟಿನಲ್ಲಿ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಕೊಡುವ ಉತ್ತರವೇ ಸಂಶೋಧನಾ ಪ್ರಬಂಧ. ಪ್ರಬಂಧ ಬರೆಯಲು ಕಲಿಯುವುದೆಂದರೆ ಭಾಷೆಯ ಅಲಂಕಾರವನ್ನು ಕಲಿಯುವುದಲ್ಲ, ಬೌದ್ಧಿಕ ಪ್ರಾಮಾಣಿಕತೆಯನ್ನು ರೂಢಿಸಿಕೊಳ್ಳುವುದು.

ಈ ಪ್ರಾಮಾಣಿಕತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನ ಈ ಶತಮಾನದಲ್ಲಿಯೇ ಅನುಭವಿಸಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಹೆಸರಾಂತ ಮನೋವಿಜ್ಞಾನಿ ಡೀಡರಿಕ್ ಸ್ಟಾಪೆಲ್ ವರ್ಷಗಟ್ಟಲೆ ದತ್ತಾಂಶಗಳನ್ನು ಕಲ್ಪಿಸಿ ಬರೆದಿದ್ದು ಬಯಲಾಯಿತು. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಈಗಾಗಲೇ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ, ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು. ಮೂಲ ಅಧ್ಯಯನಗಳಲ್ಲಿ ಶೇ 97ರಷ್ಟು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯ ಫಲಿತಾಂಶ ತೋರಿಸಿದ್ದವು. ಪುನರಾವರ್ತನೆಯಲ್ಲಿ ಹಾಗೆ ಕಂಡದ್ದು ಶೇ 36ರಷ್ಟು ಮಾತ್ರ. ಎಲ್ಲವೂ ಮೋಸವೆಂದು ಇದರ ಅರ್ಥವಲ್ಲ. ಅಂದುಕೊಂಡದ್ದು ಸಿಕ್ಕಾಗ ಬರೆದು, ಸಿಗದಿದ್ದಾಗ ಬೀರುವಿನಲ್ಲಿಡುವ ಅಭ್ಯಾಸವೂ ಇದಕ್ಕೊಂದು ಮುಖ್ಯ ಕಾರಣ.

ಆ ಅಭ್ಯಾಸದ ಬೀಜ ಬೀಳುವುದು ವಿದ್ಯಾರ್ಥಿ ದೆಸೆಯಲ್ಲಿಯೇ. ‘ರಿಸಲ್ಟ್ ಬರಲಿಲ್ಲ ಸರ್, ಏನು ಮಾಡಲಿ?’ ಎಂದು ಕೇಳುವವರ ಮುಖದಲ್ಲಿ ಪರೀಕ್ಷೆಯಲ್ಲಿ ನಪಾಸಾದವರ ಅಳುಕು ಇರುತ್ತದೆ. ಫೋನ್ ಕರೆಗೂ ಮನೆಯ ನೆನಪಿಗೂ ಸಂಬಂಧ ಕಾಣಲಿಲ್ಲವೆಂದರೆ ಅದೂ ಒಂದು ಫಲಿತಾಂಶವೇ ಎಂದು ಮೊದಲ ವರ್ಷವೇ ತಿಳಿಸಿದ್ದರೆ ಆ ಅಳುಕು ಇರುತ್ತಿರಲಿಲ್ಲ. ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದುವ ಆಮಿಷವೂ ಹುಟ್ಟುತ್ತಿರಲಿಲ್ಲ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ಮಕ್ಕಳು ಬಳಸುವ ಮಾಪಕಗಳಲ್ಲಿ ಬಹುಪಾಲು ಬೇರೆ ನೆಲದಲ್ಲಿ, ಬೇರೆ ಭಾಷೆಯಲ್ಲಿ ಹುಟ್ಟಿದವು. ವಿಲಿಯಂ ಝಂಗ್ 1965ರಲ್ಲಿ ರೂಪಿಸಿದ ಖಿನ್ನತೆಯ ಮಾಪಕದ ಮೊದಲ ವಾಕ್ಯದಲ್ಲಿಯೇ ದುಃಖಕ್ಕೆ ನೀಲಿ ಬಣ್ಣವಿದೆ. ಇಂಗ್ಲಿಷರಿಗೆ ಅದು ಸಹಜ ನುಡಿಗಟ್ಟು. ಅಕ್ಷರಶಃ ಕನ್ನಡಕ್ಕೆ ತಂದರೆ ನವಲಗುಂದದ ರೈತ ಮಹಿಳೆ ಕಕ್ಕಾಬಿಕ್ಕಿಯಾಗುತ್ತಾಳೆ. ಅವಳ ದುಃಖಕ್ಕೆ ಅವಳದೇ ಮಾತುಗಳಿವೆ: ‘ಜೀವಕ್ಕ ಸಮಾಧಾನ ಇಲ್ರಿ’, ‘ಎದಿ ಭಾರ ಆಗ್ತದ’, ‘ಯಾವುದರಾಗೂ ಮನಸಿಲ್ಲ’. ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ತಾಳೆ ನೋಡುವ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿಯೇ ವಿವರಿಸಿದ್ದರು. ನಾನು ನೋಡಿದ ಎಷ್ಟೋ ಕಿರುಪ್ರಬಂಧಗಳಲ್ಲಿ ‘ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಈ ಘಟ್ಟ ಮುಗಿದುಹೋಗಿರುತ್ತದೆ. ಯಾರು ಅನುವಾದಿಸಿದರು, ಯಾವ ಮಾತು ತೊಡಕಾಯಿತು, ಅದಕ್ಕೆ ಏನು ಮಾಡಿದರು ಎಂಬ ವಿವರವೇ ಆ ಪ್ರಬಂಧದ ನಿಜವಾದ ಕೊಡುಗೆಯಾಗಬಹುದಿತ್ತು.

ಇದನ್ನು ಕೊಡುಗೆಯೆಂದು ಕರೆಯುವುದಕ್ಕೆ ಕಾರಣವಿದೆ. ಜೆಫ್ರಿ ಆರ್ನೆಟ್ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2003ರಿಂದ 2007ರವರೆಗೆ ಅಮೆರಿಕದ ಆರು ಪ್ರಮುಖ ಮನೋವಿಜ್ಞಾನ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ 68 ಮಂದಿ ಅಮೆರಿಕದವರು. ಪಾಶ್ಚಾತ್ಯ ಕೈಗಾರಿಕಾ ದೇಶಗಳನ್ನೆಲ್ಲ ಕೂಡಿಸಿದರೆ ಅದು ಶೇ 96. ಮನುಷ್ಯರ ಮನಸ್ಸಿನ ಬಗ್ಗೆ ಪುಸ್ತಕಗಳು ಹೇಳುವ ಎಷ್ಟೋ ಮಾತು ಹೀಗೆ ಕೆಲವೇ ದೇಶಗಳವರನ್ನು ನೋಡಿ ಹೇಳಿದ್ದು. ಹುಬ್ಬಳ್ಳಿಯ 80 ವಿದ್ಯಾರ್ಥಿನಿಯರ ಬಗ್ಗೆ, ಅವರು 80 ಮಂದಿ ಮಾತ್ರವೆಂದು ಒಪ್ಪಿಕೊಂಡೇ ಬರೆದ ಪುಟ್ಟ ಪ್ರಬಂಧಕ್ಕೆ ಈ ಹಿನ್ನೆಲೆಯಲ್ಲಿ ಬೆಲೆಯಿದೆ. ಅದನ್ನು ‘ಭಾರತದ ಯುವಜನತೆ’ ಎಂದು ಹಿಗ್ಗಿಸಿದ ಕ್ಷಣ ಆ ಬೆಲೆ ಹೋಗುತ್ತದೆ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಯೋಚಿಸಲಾಗದು ಎಂಬ ಮಾತಿಗೂ ಆಧಾರವಿಲ್ಲ. ಧಾರವಾಡದಲ್ಲಿ ಮನೋರೋಗಿಗಳ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ. ಇಂದಿನ ಡಿಮ್ಹಾನ್ಸ್ ಸಂಸ್ಥೆಯ ಬೇರು ಅಲ್ಲಿದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿಯನ್ನು ಆರಂಭಿಸಿದವರೂ ಅವರೇ. ಪ್ರಯೋಗಾಲಯಕ್ಕೂ ಜನಸಾಮಾನ್ಯರ ಕಿವಿಗೂ ನಡುವೆ ಅವರು ಗೋಡೆ ಕಟ್ಟಲಿಲ್ಲ. ‘ಕೊರವಂಜಿ’ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಶ್ಶಾಸ್ತ್ರದ ಕನ್ನಡ ಪುಸ್ತಕವೊಂದು ಸಾಹಿತ್ಯದ ಗೌರವ ಪಡೆದ ನಾಡಿನಲ್ಲಿ, ವಿದ್ಯಾರ್ಥಿಯೊಬ್ಬ ತನ್ನ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಲು ಏಕೆ ನಾಚಬೇಕು?

ನಿಯಮಗಳೇನೂ ಕಡಿಮೆಯಿಲ್ಲ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಂತೆ, ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ಪರಿಣಾಮವಾಗಿ ಎಷ್ಟೋ ವಿದ್ಯಾರ್ಥಿಗಳಿಗೆ ಬರವಣಿಗೆಯೆಂದರೆ ಸಾಫ್ಟ್‌ವೇರ್ ತೋರಿಸುವ ಶೇಕಡಾವಾರನ್ನು ಇಳಿಸುವ ಕಸರತ್ತಾಗಿದೆ. ಪದ ಬದಲಿಸಿದರೆ ಹೋಲಿಕೆ ಇಳಿಯುತ್ತದೆ, ಎರವಲು ವಿಚಾರ ಎರವಲಾಗಿಯೇ ಉಳಿಯುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿಮಿಷದಲ್ಲಿ ನಯವಾದ ಇಂಗ್ಲಿಷಿನಲ್ಲಿ ಪೀಠಿಕೆ ಬರೆದುಕೊಡುತ್ತವೆ. ಅದರೊಡನೆ ಎಂದೂ ಪ್ರಕಟವಾಗದ ಲೇಖನಗಳ ಉಲ್ಲೇಖಗಳನ್ನೂ ಜೋಡಿಸಿಕೊಡುವುದುಂಟು. ಇಂಗ್ಲಿಷ್ ತಿದ್ದುವ ಕೆಲಸ ಯಂತ್ರದ ಪಾಲಾದ ಮೇಲೆ ವಿದ್ಯಾರ್ಥಿಯ ಪಾಲಿಗೆ ಉಳಿದಿರುವುದು, ಉಳಿಯಲೇಬೇಕಾದದ್ದು, ಆ ‘ಹೇಗೆ ಗೊತ್ತಾಯಿತು’ ಎಂಬುದೊಂದೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪ್ರಬಂಧ ರಚನೆಯನ್ನು ಕೊನೆಯ ಸೆಮಿಸ್ಟರಿನಿಂದ ಮೊದಲ ಸೆಮಿಸ್ಟರಿಗೆ ತರಬೇಕು. ಕರ್ನಾಟಕವು 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಕಲಿಸುತ್ತೇವೆಂಬ ಮಾತಿಗೆ ಈಗ ಆಸ್ಪದವಿಲ್ಲ. ಮನೋವಿಜ್ಞಾನದ ಪ್ರತಿ ಪ್ರಾಯೋಗಿಕ ತರಗತಿಯ ಬಳಿಕ ವಿಧಾನದ ಭಾಗವನ್ನಷ್ಟೇ ಒಂದು ಪುಟದಲ್ಲಿ ಬರೆಸಿ, ಅದನ್ನು ಓದಿ ಇನ್ನೊಬ್ಬ ವಿದ್ಯಾರ್ಥಿ ಅದೇ ಪ್ರಯೋಗ ಮಾಡಬಲ್ಲನೇ ಎಂದು ನೋಡಿದರೆ ಸಾಕು. ಎರಡನೆಯದಾಗಿ, ಪ್ರಬಂಧದ ಭಾಷೆ ಯಾವುದೇ ಇರಲಿ, ಅದರ ಪ್ರಶ್ನೆ ಮತ್ತು ತಿರುಳನ್ನು ಎರಡು ಪುಟ ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ. ಪ್ರಶ್ನಾವಳಿ ತುಂಬಿಕೊಟ್ಟವರಿಗೆ ಆ ಎರಡು ಪುಟ ತಲುಪಲಿ. ತಮ್ಮ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯುವ ಹಕ್ಕು ಅವರಿಗಿದೆ. ಮೂರನೆಯದಾಗಿ, ಸಂಬಂಧ ಕಾಣದ ಫಲಿತಾಂಶಕ್ಕೆ ಅಂಕ ಕಡಿಯುವ ಪರಿಪಾಠ ನಿಲ್ಲಲಿ. ಇದಾವುದಕ್ಕೂ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಓದಿ ತಿದ್ದುವ ಅಧ್ಯಾಪಕರ ಸಮಯ ಬೇಕು; ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಸುತ್ತ ಹೋದರೆ ಆ ಸಮಯ ಎಲ್ಲಿಂದ ಬರಬೇಕೆಂಬುದನ್ನು ಸರ್ಕಾರ ಯೋಚಿಸಬೇಕು.

ಇದು ವಿಶ್ವವಿದ್ಯಾಲಯದ ಒಳಗಿನ ಮಾತೆಂದು ಪಾಲಕರು ಪುಟ ತಿರುಗಿಸಬಾರದು. ಇಂದು ಕಿರುಪ್ರಬಂಧ ಬರೆಯುವ ಹುಡುಗಿ ನಾಳೆ ಗದಗಿನಲ್ಲೋ ಹಾವೇರಿಯಲ್ಲೋ ಶಾಲೆಯೊಂದರ ಆಪ್ತಸಮಾಲೋಚಕಿಯಾಗುತ್ತಾಳೆ. ಓದಿನಲ್ಲಿ ಹಿಂದುಳಿದ ಮಗುವಿನ ಬಗ್ಗೆ ವರದಿ ಬರೆಯುವವಳು ಅವಳೇ. ಅದರಲ್ಲಿ ತಾನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ಬರೆಯಲು ಅವಳಿಗೆ ಬಾರದಿದ್ದರೆ, ‘ಮಂದಬುದ್ಧಿ’ ಎಂಬ ಒಂದು ಪದ ಆ ಮಗುವಿನ ಬೆನ್ನಿಗೆ ಜೀವಮಾನವಿಡೀ ಅಂಟಿಕೊಳ್ಳಬಹುದು. ಅದು ನಮ್ಮ ನಿಮ್ಮ ಮನೆಯ ಮಗುವೇ ಆಗಿರಬಹುದು.