ಕಬ್ಬಿಣದ ಮೇಲೆ ಕೊರೆದ ಅಂಕೆ

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪಿತವಾದುದು 1876ರಲ್ಲಿ. ಆದರೂ ಆ ಆಟವು ನಮ್ಮ ವಿದ್ಯಾರ್ಥಿಗಳಿಗೆ ಬಹುಕಾಲ ಬೇಲಿಯಾಚೆಯ ಆಟವಾಗಿಯೇ ಉಳಿದಿತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದ ಮೇಲೆ, ಹಳೆಯ ಐರನ್ ಕೋಲುಗಳ ಕಟ್ಟೊಂದನ್ನು ಎಲ್ಲಿಂದಲೋ ಸಂಪಾದಿಸಿಕೊಂಡವರು ನಮ್ಮ ತರಗತಿಗಳಲ್ಲಿಯೂ ಅಲ್ಲಲ್ಲಿ ಕಾಣಿಸತೊಡಗಿದ್ದಾರೆ. ಅವರ ಪ್ರಶ್ನೆ ಒಂದೇ: ಇವು ನನಗೆ ಹೊಂದುತ್ತವೆಯೆ?

ಅಂಗಡಿಯವರಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿದೆ. ರೇಡಾರ್ ಯಂತ್ರದ ಮುಂದೆ ಹತ್ತಾರು ಚೆಂಡುಗಳನ್ನು ಹೊಡೆಯಿರಿ, ನಿಮ್ಮ ಮೈಕಟ್ಟಿಗೆ ಒಪ್ಪುವ ಕೋಲುಗಳನ್ನು ತಜ್ಞರು ಗೊತ್ತುಮಾಡುವರು ಎನ್ನುತ್ತಾರೆ. ಆ ವಿದ್ಯೆಯನ್ನು ನಾವು ಹೀಗಳೆಯುವುದಿಲ್ಲ. ಹೊಡೆತದ ರೀತಿ ಸ್ಥಿರಗೊಂಡ ಆಟಗಾರನಿಗೆ ಅದರಿಂದ ಪ್ರಯೋಜನವುಂಟು. ಆದರೆ ವಾರವಾರಕ್ಕೂ ಹೊಡೆತ ಬದಲಾಗುತ್ತಿರುವ ಹೊಸಬನಿಗೆ ಇಂದು ತೆಗೆದ ಸೂಕ್ಷ್ಮ ಅಳತೆಯು ಕೆಲವೇ ತಿಂಗಳಲ್ಲಿ ಹಳತಾಗುತ್ತದೆ. ಅವನಿಗೆ ಬೇಕಾದಷ್ಟನ್ನು ಅಳತೆಪಟ್ಟಿ, ಅಡಿಗೆಮನೆಯ ತಕ್ಕಡಿ ಮತ್ತು ಜೇಬಿನ ಮೊಬೈಲು ಇವುಗಳಿಂದಲೇ ಕಂಡುಕೊಳ್ಳಬಹುದು. ಹಣ ತೆರುವ ಮೊದಲು ಕಂಡುಕೊಳ್ಳಲೇಬೇಕು ಎಂಬುದು ನಮ್ಮ ಮತ.

ಮೊದಲನೆಯದಾಗಿ, ಐರನ್ನಿನ ಮೇಲೆ 7 ಎಂದು ಕೊರೆದಿದ್ದರೆ ಅದು ಹೆಸರೇ ಹೊರತು ಅಳತೆಯಲ್ಲ. ಹೊಡೆಯುವ ಮುಖವು ದಂಡಕ್ಕಿಂತ ಎಷ್ಟು ಹಿಂದಕ್ಕೆ ವಾಲಿದೆಯೆಂಬ ಕೋನವೇ ಲಾಫ್ಟ್. 1970ರ ದಶಕದ 7ನೆಯ ಐರನ್ನಿನಲ್ಲಿ ಇದು ಸುಮಾರು 36 ಡಿಗ್ರಿ. ಇಂದಿನ ಕೆಲವು ಐರನ್ನುಗಳಲ್ಲಿ 28ಕ್ಕೆ ಇಳಿದಿದೆ. ಹೊಸ ಕೋಲಿನಿಂದ ಚೆಂಡು ದೂರ ಹೋಯಿತೆಂದು ಹಿಗ್ಗುವವನು, 7 ಎಂದು ನಾಮಕರಣ ಮಾಡಿದ ಹಳೆಯ 5ನೆಯ ಐರನ್ನಿನಿಂದ ಹೊಡೆದಿರುವನು, ಅಷ್ಟೆ. ಆದುದರಿಂದ ಪ್ರತಿಯೊಂದು ಕೋಲಿನಿಂದಲೂ ಹತ್ತು ಚೆಂಡುಗಳನ್ನು ಹೊಡೆದು, ಕೆಟ್ಟ ಹೊಡೆತಗಳನ್ನು ಬಿಟ್ಟು, ಉಳಿದವುಗಳ ದೂರವನ್ನು ಹೆಜ್ಜೆಯಿಂದ ಅಳೆದು ಬರೆದಿಡತಕ್ಕದ್ದು. ಒಂದು ಕೋಲಿಗೂ ಮುಂದಿನದಕ್ಕೂ ಹತ್ತು ಹನ್ನೆರಡು ಗಜಗಳ ಅಂತರವಿದ್ದರೆ ಕೊರೆದ ಅಂಕೆಯ ಗೊಡವೆಯೇ ಬೇಡ.

ಉದ್ದದ ವಿಷಯ ಸುಲಭ. ಬೂಟು ಧರಿಸಿ ನೆಟ್ಟಗೆ ನಿಂತು, ತೋಳನ್ನು ಇಳಿಬಿಟ್ಟು, ಮಣಿಕಟ್ಟಿನಿಂದ ನೆಲದವರೆಗೆ ಅಳೆಯಿಸಿಕೊಳ್ಳಿರಿ. ಅದು 34ರಿಂದ 37 ಅಂಗುಲಗಳೊಳಗಿದ್ದರೆ ವಾಡಿಕೆಯ ಉದ್ದವೇ (7ನೆಯ ಐರನ್ನಿಗೆ ಸುಮಾರು 37 ಅಂಗುಲ) ಸಾಕು. ಎತ್ತರದವನಿಗೆ ಉದ್ದನೆಯ ಕೋಲು ಎಂಬುದು ಅರ್ಧ ಸತ್ಯ. ಅವನ ಕೈಗಳೂ ನೀಳವಾಗಿದ್ದರೆ ಮಣಿಕಟ್ಟು ನೆಲಕ್ಕೆ ಸಮೀಪವೇ ಇರುವುದು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಕಾರ್ಸ್ಟೆನ್ ಸೋಲ್ಹೈಮ್ ಆರಂಭಿಸಿದ ಪಿಂಗ್ ಸಂಸ್ಥೆಯು ಕೋಲುಗಳ ಮೇಲೆ ಇಡುವ ಬಣ್ಣದ ಚುಕ್ಕೆಗಳಿಗೂ ಆಟಗಾರನ ಎತ್ತರ ಮತ್ತು ಈ ಮಣಿಕಟ್ಟಿನ ಅಳತೆ ಇವೇ ಮೊದಲ ಆಧಾರ.

ನಿಜವಾದ ತೊಡಕು 'ಲೈ' ಎಂಬುದರಲ್ಲಿದೆ. ದ್ವಿತೀಯ ವರ್ಷದ ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಸೋದರಮಾವನಿಂದ ಹಳೆಯ ಕಟ್ಟೊಂದು ಬಂದಿತ್ತು. ಚಿಕ್ಕ ಐರನ್ನುಗಳಿಂದ ಹೊಡೆದ ಚೆಂಡುಗಳೆಲ್ಲ ಎಡಕ್ಕೇ ಹೋಗುತ್ತಿದ್ದುವು. ತನ್ನ ಕೈಯೇ ಸೊಟ್ಟ ಎಂದುಕೊಂಡು ಆಟವನ್ನೇ ಬಿಡುವ ಹಂತಕ್ಕೆ ಬಂದಿದ್ದಳು. ಕೋಲಿನ ಅಡಿಯನ್ನು ಮೇಜಿನ ಮೇಲಿರಿಸಿ, ಮುಖದ ಗೀರುಗಳು ಮೇಜಿಗೆ ಸಮಾನಾಂತರವಾಗಿರುವಂತೆ ಹಿಡಿದಾಗ, ದಂಡವು ಮೇಜಿನೊಡನೆ ಮಾಡುವ ಕೋನವೇ ಲೈ. 7ನೆಯ ಐರನ್ನಿಗೆ ಸಾಮಾನ್ಯವಾಗಿ 62 ಅಥವಾ 63 ಡಿಗ್ರಿ. ಮೊಬೈಲಿನೊಳಗಿನ ವೇಗೋತ್ಕರ್ಷ ಮಾಪಕವು ಈ ಕೋನವನ್ನು ತೋರಿಸಬಲ್ಲದು.

ಲೈ ತಪ್ಪಿದರೆ ಚೆಂಡೇಕೆ ಪಕ್ಕಕ್ಕೆ ಹೋಗಬೇಕು? ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಮೇಜಿನ ಮೇಲೆ ನಿಲ್ಲಿಸಿರಿ. ರಟ್ಟಿನ ಮುಖ ನಿಮ್ಮಿಂದಾಚೆಗಿರಲಿ, ಮೇಲಂಚು ನಿಮ್ಮ ಕಡೆಗೆ ವಾಲಿರಲಿ. ಈಗ ಕೆಳಗಿನ ಬಲ ಮೂಲೆಯನ್ನು ತುಸು ಎತ್ತಿರಿ. ರಟ್ಟು ಎಡಕ್ಕೆ ನೋಡತೊಡಗುತ್ತದೆ. ವಾಲಿಕೆಯೇ ಇಲ್ಲದ ಪುಸ್ತಕಕ್ಕೆ ಹೀಗಾಗುವುದಿಲ್ಲ. ಲೆಕ್ಕದ ಭಾಷೆಯಲ್ಲಿ, ದಿಕ್ಕಿನ ತಪ್ಪಿನ ಟ್ಯಾಂಜೆಂಟು ಲೈ ತಪ್ಪಿನ ಸೈನು ಮತ್ತು ಲಾಫ್ಟಿನ ಟ್ಯಾಂಜೆಂಟು ಇವುಗಳ ಗುಣಲಬ್ಧ. ಲೈ 2 ಡಿಗ್ರಿ ತಪ್ಪಿ ಲಾಫ್ಟು 34 ಡಿಗ್ರಿಯಿದ್ದರೆ ಮುಖವು 1.35 ಡಿಗ್ರಿ ತಿರುಗುವುದು. 120 ಮೀಟರ್ ದೂರದಲ್ಲಿ ಅದು 2.8 ಮೀಟರ್ ಆಗುವುದು. 56 ಡಿಗ್ರಿಯ ವೆಜ್ಜಿನಲ್ಲಾದರೋ ಮುಖವು ಸುಮಾರು 3 ಡಿಗ್ರಿ ತಿರುಗುವುದು. ಚಿಕ್ಕ ಐರನ್ನುಗಳಲ್ಲಿಯೇ ದೋಷ ಎದ್ದುಕಾಣುವುದು ಇದರಿಂದಲೇ.

ಮೇಜಿನ ಮೇಲಿನ ಅಳತೆಯೊಂದೇ ಸಾಲದು. 270 ಗ್ರಾಂ ತೂಗುವ ತಲೆಯು ಸೆಕೆಂಡಿಗೆ 35 ಮೀಟರ್ ವೇಗದಿಂದ, ಸುಮಾರು 1.7 ಮೀಟರ್ ತ್ರಿಜ್ಯದ ಕಂಸದಲ್ಲಿ ಬರುವಾಗ ಅದನ್ನು ಹಿಡಿದೆಳೆಯುವ ಕೇಂದ್ರಾಭಿಮುಖ ಬಲವು ಹೆಚ್ಚುಕಡಿಮೆ 20 ಕಿಲೋಗ್ರಾಂ ತೂಕದಷ್ಟು. ತಲೆಯ ಗುರುತ್ವಕೇಂದ್ರವು ದಂಡದ ಅಕ್ಷದ ಮೇಲಿಲ್ಲವಾದ ಕಾರಣ ದಂಡ ಬಾಗುತ್ತದೆ, ತಲೆಯ ಹೊರತುದಿ ಕೆಳಗಿಳಿಯುತ್ತದೆ. ಆದುದರಿಂದ ತೀರ್ಪನ್ನು ಹೊಡೆತವೇ ಹೇಳಬೇಕು. ಚೆಂಡಿನ ಹಿಂಬದಿಯಲ್ಲಿ ಮಾರ್ಕರ್ ಶಾಯಿಯಿಂದ ನೇರವಾದ ಲಂಬರೇಖೆಯೊಂದನ್ನು ಎಳೆದು ಹೊಡೆಯಿರಿ. ಮುಖದ ಮೇಲೆ ಮೂಡುವ ಗೆರೆಯು ಗೀರುಗಳಿಗೆ ಲಂಬವಾಗಿದ್ದರೆ ಲೈ ಸರಿ. ಮೇಲ್ತುದಿ ಹೊರತುದಿಯ ಕಡೆಗೆ ವಾಲಿದ್ದರೆ ಕೋಲು ಅತಿಯಾಗಿ ನೆಟ್ಟಗಿದೆ, ದಂಡದ ಕಡೆಗೆ ವಾಲಿದ್ದರೆ ಅತಿಯಾಗಿ ಮಲಗಿದೆ. ನಮ್ಮ ವಿದ್ಯಾರ್ಥಿನಿಯ 8 ಮತ್ತು 9ನೆಯ ಐರನ್ನುಗಳ ಮೇಲಿನ ಗೆರೆ ಹತ್ತರಲ್ಲಿ ಒಂಬತ್ತು ಸಲ ಹೊರತುದಿಗೇ ವಾಲಿತು.

ಇನ್ನು ತೂಕದ ಹಂಚಿಕೆ. ಕೋಲನ್ನು ಅಳತೆಪಟ್ಟಿಯ ಅಂಚಿನ ಮೇಲೆ ಸಮತೂಗಿಸಿ, ಹಿಡಿಯ ತುದಿಯಿಂದ ಆ ಬಿಂದುವಿಗಿರುವ ದೂರದಲ್ಲಿ 14 ಅಂಗುಲ ಕಳೆದು, ಒಟ್ಟು ತೂಕದಿಂದ ಗುಣಿಸಿರಿ. 430 ಗ್ರಾಂ ತೂಕದ ಕೋಲು 28 ಅಂಗುಲದಲ್ಲಿ ತೂಗಿದರೆ 6020. ಇದು ಶಾಲೆಯಲ್ಲಿ ಓದಿದ ಸನ್ನೆಯ ಮೊಮೆಂಟೇ. ಅಂಗಡಿಯ ತಕ್ಕಡಿಯು ಇದನ್ನೇ ಅಕ್ಷರ ಅಂಕೆಗಳಲ್ಲಿ ಹೇಳುವುದು, ಅದರ ಒಂದು ಮೆಟ್ಟಿಲು ಸುಮಾರು 50. ಕಟ್ಟಿನ ಕೋಲುಗಳೆಲ್ಲ ಇದರಲ್ಲಿ ಸಮೀಪವಾಗಿದ್ದರೆ ಸಾಕು. ದಂಡದ ಬಿಗುವನ್ನು ಸೂಚಿಸುವ ಆರ್, ಎಸ್ ಎಂಬ ಅಕ್ಷರಗಳಿಗೆ ತಯಾರಕರೆಲ್ಲರೂ ಒಪ್ಪಿದ ಮಾನವಿಲ್ಲ. ಅವುಗಳಿಗಾಗಿ ತಲೆ ಕೆಡಿಸಿಕೊಳ್ಳುವುದು ಹೊಸಬರಿಗೆ ಅನಾವಶ್ಯಕ.

ಒಂದು ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಕೂಡದು. ಬಡಿದು ಮಾಡಿದ ಮೆದು ಉಕ್ಕಿನ ತಲೆಯ ಕೊರಳು ಒಂದೆರಡು ಡಿಗ್ರಿ ಬಗ್ಗೀತು. ಎರಕಹೊಯ್ದ ಗಡಸು ಉಕ್ಕಿನದು ಮುರಿದೇ ಹೋದೀತು. ಅದಕ್ಕೆ ತಕ್ಕ ಇಕ್ಕಳವೂ ಪಳಗಿದ ಕೈಯೂ ಬೇಕು. ನಮ್ಮ ವಿದ್ಯಾರ್ಥಿನಿ ಆ ಎರಡು ಐರನ್ನುಗಳನ್ನು ಹೊತ್ತುಕೊಂಡು ಅಂಥವರೊಬ್ಬರ ಬಳಿಗೆ ಹೋದಳು, ಎಷ್ಟು ಡಿಗ್ರಿ, ಯಾವ ಕಡೆಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು.